ಸತ್ಯಾಂಶ: 12 ತಿಂಗಳು ಹಣ್ಣು ಕೊಡೋ ಸ್ಟ್ರಾಬೆರಿ ನಮ್ಮ ಕಲಬುರಗಿ ಬಿಸಿಲಿಗಿ ಆಗ್ತದೇನು?

ರೈತರ ವಾಟ್ಸಾಪ್ ಗ್ರೂಪಿನಾಗ ಒಂದು ಮೆಸೇಜ್ ಓಡಾಡ್ಲಿಕತ್ತದ, "ಆಲ್ಬಿಯನ್ ಹಚ್ಚ್ರಿ, ಡೇ ನ್ಯೂಟ್ರಲ್ ತಳಿ, ಎಲ್ಲಿ ಹಚ್ಚಿದ್ರೂ 12 ತಿಂಗಳು ಹಣ್ಣು" ಅಂತ. ಇದ್ರಾಗ ಅರ್ಧ ಖರೆ ಅದ, ಅದಕ್ಕೇ ಜನ ನಂಬ್ತಾರ.

ಡೇ ನ್ಯೂಟ್ರಲ್ ಅಂದ್ರ ಹಗಲು ಉದ್ದ ಇರ್ಲಿ ಗಿಡ್ಡ ಇರ್ಲಿ ಗಿಡ ಹೂ ಬಿಡ್ತದ ಅಂತ ಅಷ್ಟೇ, ಬಿಸಿಲು ತಡೀತದ ಅಂತ ಅಲ್ರಿ. ಆಲ್ಬಿಯನ್ ಕ್ಯಾಲಿಫೋರ್ನಿಯಾ ಯುನಿವರ್ಸಿಟಿ ತಳಿ, ಅಲ್ಲಿ ಸಮುದ್ರ ದಂಡಿ ತಂಪಿನಾಗ ತಿಂಗಳುಗಟ್ಲೆ ಹಣ್ಣು ಕೊಡ್ತದ. ಬಿಸಿ 30 ಡಿಗ್ರಿ ದಾಟಿ ಹಂಗೇ ನಿಂತ್ರ ಹೂ ಕಡಿಮಿ ಆಗ್ತಾವ, ಹಣ್ಣು ಸಣ್ಣ ಆಗ್ತಾವ, ನಮ್ಮಲ್ಲಿ ಏಪ್ರಿಲ್ ಮೇನಾಗ 40 ದಾಟ್ತದ, ಅಂಥಾದ್ರಾಗ ಗಿಡ ಉಳಸೋದೇ ಕಷ್ಟ.

ಸ್ವೀಟ್ ಚಾರ್ಲಿ, ಕ್ಯಾಮರೋಸಾ, ವಿಂಟರ್ ಡಾನ್ ಇವು ಹಗಲು ಗಿಡ್ಡ ಆಗಿ ತಂಪು ಬಿದ್ದಾಗ ಹೂ ಬಿಡೋ ತಳಿ. ಸೆಪ್ಟೆಂಬರ್ ಕೊನಿಗಿ ಇಲ್ಲಾ ಅಕ್ಟೋಬರ್‌ನಾಗ ಹಚ್ಚಿದ್ರ ಚಳಿಗಾಲದಾಗ ಹಣ್ಣು ಸಿಗ್ತಾವ, ನನ್ನ ಕೇಳಿದ್ರ ನಮ್ಮ ಕಡಿ ಇವೇ ಪಾಡ. ಸ್ವೀಟ್ ಚಾರ್ಲಿ ಲಗೂನ ಬರ್ತದ, ಭಾಳ ಸಿಹಿ, ಆದ್ರ ಮೆತ್ತಗ, ಮನಿ ಮುಂದ ಮಾರ್ಲಿಕ್ಕಿ ಛಲೋ. ಕ್ಯಾಮರೋಸಾ ಸ್ವಲ್ಪ ತಡ, ಹಣ್ಣು ಗಟ್ಟಿ, ದೂರದ ಮಾರ್ಕೆಟ್‌ಗಿ ಒಯ್ಯಬಹುದು.

ಮಣ್ಣಿನ ಮಾತು ಮೆಸೇಜಿನಾಗ ಇಲ್ವೇ ಇಲ್ಲ. ನಮ್ಮ ಎರಿ ಮಣ್ಣಾಗ ನೀರು ನಿಲ್ತದ, ಸುಣ್ಣದ ಅಂಶ ಜಾಸ್ತಿ, ಎಲಿ ಹಳದಿ ಆಗಿ ಬೇರು ಕೊಳೀತದ, ಅದಕ್ಕ ಎತ್ತರದ ಮಡಿ, ಡ್ರಿಪ್, ಮಲ್ಚಿಂಗ್ (ಮಣ್ಣಿನ ಮ್ಯಾಲ ಹೊದಿಕಿ) ಬೇಕು. ಮೊದಲನೇ ವರ್ಷ ಒಂದೇ ಗುಂಟೆದಾಗ ಎರಡು ತಳಿ ಹಚ್ಚಿ ನೋಡ್ರಿ.