ಬ್ರಾಕೆಟ್ ಡ್ರಾಯಿಂಗಿಗೆ ‘ರೆವ್ ಬಿ’ ಅಂತ ಬರೆಯೋ ಮುಂಚೆ

ದಾವಣಗೆರೆಯ ಕರೂರಲ್ಲಿರಲಿ, ಹರಿಹರದಲ್ಲಿರಲಿ, ರೈಸ್ ಮಿಲ್ ಮಷೀನು ಕಟ್ಟುವ ಶೆಡ್‌ಗಳಲ್ಲಿ ಒಂದೇ ಬೇರಿಂಗ್ ಬ್ರಾಕೆಟ್ಟು (ಬೇರಿಂಗ್ ಕೂರಿಸೋ ತಗಡಿನ ಪೀಠ) ಭತ್ತ ಮೇಲಕ್ಕೆತ್ತೋ ಎಲಿವೇಟರ್‌ಗೂ ಹೋಗುತ್ತೆ, ಭತ್ತದ ಕ್ಲೀನರ್‌ಗೂ ಹೋಗುತ್ತೆ. ಒಳ್ಳೇದೇ, ಲೇಸರ್ ಕಟಿಂಗ್ ಒಟ್ಟಿಗೆ ಮಾಡಿಸಬಹುದು. ತಾಪತ್ರಯ ಬರೋದು ಒಂದು ಮಷೀನಿಗೋಸ್ಕರ ಅದನ್ನ ಬದಲಿಸಿದಾಗ.

ಎಲಿವೇಟರ್ ಶಾಫ್ಟು 25 ಎಂಎಂ ಸಾಲದು, 30 ಮಾಡೋಣ ಅಂತಾಯ್ತು ಅನ್ನಿ. 25ರ ಶಾಫ್ಟಿನ ಬೇರಿಂಗ್ ಯುಸಿಪಿ 205 ಹೋಗಿ 30ರದ್ದು, ಅಂದರೆ 206 ಬರಬೇಕು. ಬೋಲ್ಟ್ ತೂತಿನ ಅಂತರ 105ರಿಂದ 121 ಆಗುತ್ತೆ. ಬೇರಿಂಗಿನ ತಳದಿಂದ ಶಾಫ್ಟ್ ಸೆಂಟರಿನ ಎತ್ತರ 36.5ರಿಂದ 42.9. ಶಾಫ್ಟು ಇದ್ದಲ್ಲೇ ಇರಲಿ ಅಂತ ಡಿಸೈನರ್ ಬ್ರಾಕೆಟ್ಟನ್ನ 6.4 ಎಂಎಂ ತಗ್ಗಿಸಿ, ತೂತು ಸರಿಸಿ, ‘ರೆವ್ ಬಿ’ ಅಂತ, ಅಂದರೆ ಪಾರ್ಟ್ ನಂಬರ್ ಹಳೇದೇ ಇಟ್ಟು ತಿದ್ದಿದ ರಿವಿಜನ್ ಅಂತ ಸೇವ್ ಮಾಡ್ತಾನೆ. ಮುಂದಿನ ಕ್ಲೀನರ್ ಆರ್ಡರಿಗೂ ಸ್ಟೋರಿನಿಂದ ಅದೇ ಬರುತ್ತೆ. 205 ಕೂರಲ್ಲ. ಫಿಟ್ಟರು ಗ್ಯಾಸ್ ಕಟರಲ್ಲಿ ತೂತು ಎಳೆದು ಕೂರಿಸ್ತಾನೆ. ಒಂದು ಕಡೆ ಹಳೇ ಬ್ರಾಕೆಟ್ಟು, ಇನ್ನೊಂದು ಕಡೆ ಹೊಸದು ಬಿದ್ದರಂತೂ ಶಾಫ್ಟೇ 6.4 ಎಂಎಂ ವಾಲಿರುತ್ತೆ. ಆಮೇಲೆ ಬೆಲ್ಟು ತಿಂತಿದೆ ಅಂತ ಬೆಲ್ಟ್ ಕಂಪನಿಯವರನ್ನ ಬೈಯೋದು!

ಕೇಳಬೇಕಾದ್ದು ಇಷ್ಟೇ: ಹಳೇದು, ಹೊಸದು ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದರೆ, ಯಾವುದು ಕೈಗೆ ಸಿಕ್ಕರೂ ಎಲ್ಲಾ ಮಷೀನಿಗೂ ಕೂರುತ್ತಾ? ಕೂತರೆ ರಿವಿಜನ್. ಕೂರದಿದ್ದರೆ ಹೊಸ ಪಾರ್ಟ್ ನಂಬರ್, ಚೌಕಾಸಿ ಬೇಡ. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನೋದು) ಬಿಗಿ ಮಾಡಿದ್ದು ಮಾತ್ರ ಸ್ವಲ್ಪ ತಕರಾರಿನ ಕೇಸು: ಹೊಸದು ಎಲ್ಲಾ ಕಡೆ ಕೂರುತ್ತೆ, ಹಳೇ ಸ್ಟಾಕು ಹೊಸ ಮಷೀನಿಗೆ ಕೂರದಿರಬಹುದು. ಅದಕ್ಕೂ ಹೊಸ ನಂಬರೇ ವಾಸಿ.

ಹೊಸ ನಂಬರ್ ಕೊಟ್ಟರೆ ಮೇಲಿನ ಅಸೆಂಬ್ಲಿಗಳೆಲ್ಲಾ ಬದಲಾಗಬೇಕಾ ಅಂತ ಹೆದರೋರಿದ್ದಾರೆ. ಬೇಡ. ಎಲಿವೇಟರ್ ಹೆಡ್ಡು (ಮೇಲ್ತುದಿಯ ಅಸೆಂಬ್ಲಿ) ಇಡಿಯಾಗಿ ಹಳೇ ಹೆಡ್ಡಿನ ಜಾಗಕ್ಕೆ ಕೂತರೆ, ಹೆಡ್ಡಿಗೆ ರಿವಿಜನ್ ಏರಿಸಿ ಅಲ್ಲಿಗೇ ನಿಲ್ಲಿಸಿ. ಒಳಗೆ ಪುಲ್ಲಿಯ ಬೋರು (ಶಾಫ್ಟ್ ತೂರೋ ತೂತು) ಬದಲಾಗುತ್ತೆ, ಅದಕ್ಕೂ ಹೊಸ ನಂಬರ್. ಪುಲ್ಲಿಯನ್ನ ಶಾಫ್ಟಿಗೆ ಹಿಡಿಸೋ ಕೀ 25ಕ್ಕೂ 30ಕ್ಕೂ 8×7 ಎಂಎಂ, ಅದನ್ನ ಮುಟ್ಟಬೇಡಿ.

ಇನ್ನು ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್. ಪಾರ್ಟ್ ಫೈಲಿನ ಹೆಸರಲ್ಲಿ ರಿವಿಜನ್ ಬರೆಯೋ ಚಾಳಿ ಬಿಡಿ. ಅಸೆಂಬ್ಲಿ ತೆರೆದಿಟ್ಟು ಪಾರ್ಟನ್ನ ‘ಸೇವ್ ಆಸ್’ ಮಾಡಿದರೆ ತೆರೆದಿರೋ ಅಸೆಂಬ್ಲಿ ಹೊಸ ಫೈಲಿಗೆ ಹೋಗುತ್ತೆ, ಮುಚ್ಚಿರೋವು ಹಳೇದಕ್ಕೇ ಅಂಟಿಕೊಂಡಿರ್ತವೆ. ಆರ್ಡರಿಗೊಂದು ಫೋಲ್ಡರ್ ಕಾಪಿ ಮಾಡೋದು ಇನ್ನೂ ಕೆಟ್ಟದ್ದು: ಒಂದೇ ಹೆಸರಿನ ಎರಡು ಫೈಲಿದ್ದರೆ, ಮೊದಲೇ ತೆರೆದಿರೋದನ್ನೇ ಅದು ಎತ್ತಿಕೊಳ್ಳುತ್ತೆ. ಪಿಡಿಎಂ (ಡಿಸೈನ್ ಫೈಲುಗಳ ಲೆಕ್ಕ ಇಡೋ ಸಾಫ್ಟ್‌ವೇರ್) ಇದ್ದರೆ, ಪಾರ್ಟು ಎಲ್ಲೆಲ್ಲಿ ಬಳಕೆಯಾಗಿದೆ ಅಂತ ತೋರಿಸೋ ‘ವೇರ್ ಯೂಸ್ಡ್’ ನೋಡಿ. ಇಲ್ಲವಾ? ಎಲ್ಲಾ ಮಷೀನಿನ ಬಿಒಎಂ (ಪಾರ್ಟುಗಳ ಪಟ್ಟಿ) ಒಂದೇ ಎಕ್ಸೆಲ್ ಶೀಟಿಗೆ ಹಾಕಿ, ಪಾರ್ಟ್ ನಂಬರಿಗೆ ಫಿಲ್ಟರ್ ಹೊಡೆಯಿರಿ.

ಲೇಸರ್‌ನವರಿಗೆ ಹೋಗೋ ಡಿಎಕ್ಸ್ಎಫ್ (ಕಟಿಂಗ್ ಡ್ರಾಯಿಂಗ್) ಫೈಲಿನ ಹೆಸರಲ್ಲಿ ಮಾತ್ರ ರಿವಿಜನ್ ಇರಲೇಬೇಕು. ‘ಹೋದ ಸಲದ್ದೇ ಕಟ್ ಮಾಡಿ’ ಅಂತ ಫೋನಲ್ಲಿ ಹೇಳಿದರೆ ಅವರು ಹೋದ ಸಲದ್ದೇ ಕಟ್ ಮಾಡ್ತಾರೆ, ಅವರ ತಪ್ಪೇನಿದೆ?

ಚೇಂಜ್ ನೋಟಿನಲ್ಲಿ ಯಾವ ಸೀರಿಯಲ್ ನಂಬರಿನಿಂದ ಹೊಸದು, ಹಳೇ ಸ್ಟಾಕು ಏನಾಗಬೇಕು ಅನ್ನೋದು ಬರೆದಿರಲಿ. ಹಳೇ ನಂಬರ್ ಅಳಿಸಬೇಡಿ, ‘ಸ್ಪೇರ್‌ಗೆ ಮಾತ್ರ’ ಅಂತ ಗುರುತು ಹಾಕಿ. ಮಲೇಬೆನ್ನೂರಿನ ಮಿಲ್ಲಿನವರು ನಾಲ್ಕು ವರ್ಷ ಬಿಟ್ಟು ಬ್ರಾಕೆಟ್ ಕೇಳಿದಾಗ ಅವರಿಗೆ ಬೇಕಿರೋದು 105 ಎಂಎಂ ತೂತಿನ ಅಂತರದ್ದೇ.