ವಿಳಾಸ ಬದಲಾಗುವ ವಯಸ್ಸು

ಕಥೆ ಏನೆಂದು ಯಾರಾದರೂ ಕೇಳಿದರೆ ತಡವರಿಸಬೇಕಾಗುವಂಥ ಸಿನಿಮಾಗಳ ಮೇಲೆ ನನಗೆ ವಿಶೇಷ ಒಲವು. ಅವುಗಳಲ್ಲಿನ ಪಾತ್ರಗಳ ಓದು ಮುಗಿದಿರುತ್ತದೆ, ಕೆಲಸ ಸಿಕ್ಕಿದೆಯೆಂದೂ ಹೇಳಲಾಗದು, ಸಿಕ್ಕಿಲ್ಲವೆಂದೂ ಹೇಳಲಾಗದು, ಪ್ರೀತಿಯ ಪಾಡೂ ಅದೇ. ಅಮೆರಿಕದ ಸ್ವತಂತ್ರ ನಿರ್ದೇಶಕರು ಸಣ್ಣ ಬಂಡವಾಳದಲ್ಲಿ ತೆಗೆದ ಅನೇಕ ಚಿತ್ರಗಳು ಈ ವಯಸ್ಸಿನಲ್ಲೇ ಬಿಡಾರ ಹೂಡಿವೆ. ರಿಚರ್ಡ್ ಲಿಂಕ್‌ಲೇಟರ್ ಸುಮಾರು 23,000 ಡಾಲರ್‌ನಲ್ಲಿ ತೆಗೆದ ‘ಸ್ಲ್ಯಾಕರ್’ನಲ್ಲಂತೂ ನಾಯಕನೇ ಇಲ್ಲ, ಆಸ್ಟಿನ್ ನಗರದಲ್ಲಿ ಅಲೆಯುವ ಕ್ಯಾಮೆರಾ ಒಬ್ಬರನ್ನು ಅಲ್ಲಿಗೇ ಬಿಟ್ಟು, ಎದುರಾದ ಇನ್ನೊಬ್ಬರ ಬೆನ್ನು ಹಿಡಿಯುತ್ತದೆ.

ಇವುಗಳಲ್ಲಿ ಏನೂ ನಡೆಯುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. (ಲಲಿತ ಪ್ರಬಂಧ ಓದಿ ಬೆಳೆದವರೂ ಹಾಗೆ ದೂರುವುದು ಸೋಜಿಗ.) ನಡೆಯುವುದೆಲ್ಲ ಬಾಡಿಗೆಯ ಸುತ್ತ ನಡೆಯುತ್ತದೆ, ಅಷ್ಟೆ. ನೋವಾ ಬೌಂಬಾಕ್ ನಿರ್ದೇಶನದ ‘ಫ್ರಾನ್ಸಿಸ್ ಹಾ’ (2012) ಚಿತ್ರದ ಅಧ್ಯಾಯಗಳಿಗೆ ನಾಯಕಿ ತಂಗುವ ಜಾಗಗಳ ವಿಳಾಸಗಳೇ ಶೀರ್ಷಿಕೆ. ಗ್ರೆಟಾ ಗರ್ವಿಗ್ ಅಭಿನಯಿಸಿದ, ನೃತ್ಯವನ್ನೇ ನಂಬಿಕೊಂಡ 27ರ ಫ್ರಾನ್ಸಿಸ್, ಜೊತೆಗಿದ್ದ ಗೆಳತಿ ಬೇರೆ ಮನೆಗೆ ಹೊರಟ ಮೇಲೆ ನ್ಯೂಯಾರ್ಕಿನಲ್ಲಿ ನೆಲೆ ತಪ್ಪುತ್ತಾಳೆ. ತೆರಿಗೆ ಹಣ ಮರಳಿ ಬಂದ ಖುಷಿಯಲ್ಲಿ ಪರಿಚಿತನೊಬ್ಬನಿಗೆ ಊಟ ಕೊಡಿಸಲು ಹೋದಾಗ ಅಲ್ಲಿ ಅವಳ ಕಾರ್ಡ್ ನಡೆಯುವುದಿಲ್ಲ. ಅವನನ್ನು ಅಲ್ಲೇ ಕೂರಿಸಿ ಎಟಿಎಂ ಹುಡುಕಿಕೊಂಡು ಬೀದಿಯುದ್ದಕ್ಕೂ ಓಡುತ್ತಾಳೆ, ಮುಗ್ಗರಿಸಿ ಬಿದ್ದು ಕೈ ತರಚಿಕೊಳ್ಳುತ್ತಾಳೆ. ಕೊನೆಗೂ ಸಿಕ್ಕಿದ ಯಂತ್ರ 3 ಡಾಲರ್ ಶುಲ್ಕ ಕೇಳಿದಾಗ, ಅಷ್ಟು ಓಡಿ ಬಂದವಳು ಒಂದು ಕ್ಷಣ ಹಿಂಜರಿಯುತ್ತಾಳೆ. ಊಟ ಕೊಡಿಸುವಷ್ಟು ದೊಡ್ಡವಳಾದೆನೆಂದು ತೋರಿಸಿಕೊಳ್ಳಲು ಹೊರಟವಳ ಲೆಕ್ಕಾಚಾರವೆಲ್ಲ ಆ ಹಿಂಜರಿಕೆಯಲ್ಲಿ ಬಯಲಾಗುತ್ತದೆ.

ಆಂಡ್ರ್ಯೂ ಬುಜಾಲ್ಸ್ಕಿ 16 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದ ‘ಫನ್ನಿ ಹಾ ಹಾ’ (2002) ಇನ್ನೂ ಮೆತ್ತಗಿನದು. ಅಲ್ಲಿನ ಮಾರ್ನಿ ಬದುಕನ್ನು ತಿದ್ದಿಕೊಳ್ಳಲು ಮಾಡಬೇಕಾದ ಕೆಲಸಗಳ ಪಟ್ಟಿ ಬರೆದುಕೊಳ್ಳುತ್ತಾಳೆ. ಚೆಸ್ ಕಲಿಯುವುದೂ ಅದರಲ್ಲೊಂದು. ಅಲ್ಲಿ ಎಲ್ಲರೂ ಮಾತನ್ನು ಅರ್ಧಕ್ಕೇ ನುಂಗುತ್ತಾರೆ, ನುಂಗಿದ್ದು ಏನೆಂದು ನಮಗೆ ತಿಳಿಯುತ್ತದೆ. ಇದರ ಜಾಡಿನಲ್ಲಿ ಬಂದ ಕೆಲವು ಚಿತ್ರಗಳಲ್ಲಿ ಗೊಣಗಾಟ ಮಾತ್ರ ಉಳಿದಿದೆ. ನುಂಗಲು ಅವರ ಬಳಿ ಮಾತೇ ಇದ್ದಂತಿಲ್ಲ.

ನನ್ನ ತಕರಾರು ಬೇರೆ. ಈ ಅಲೆದಾಟ ಬಹುಮಟ್ಟಿಗೆ ಪದವಿ ಪಡೆದವರದು, ಸೋತರೆ ಹಿಂತಿರುಗಲು ತಂದೆತಾಯಿಯ ಮನೆ ಇರುವವರದು. ಫ್ರಾನ್ಸಿಸ್ ತಾನು ಬಡವಿ ಎಂದಾಗ, ಅದು ನಿಜವಾದ ಬಡವರಿಗೆ ಮಾಡುವ ಅವಮಾನವೆಂದು ಜೊತೆಯಲ್ಲಿ ವಾಸವಿರುವ ಹುಡುಗ ಚುಚ್ಚುತ್ತಾನೆ. ಚಿತ್ರ ಆ ಮಾತನ್ನು ನಗೆಯಲ್ಲಿ ತೇಲಿಸಿ ಮುಂದೆ ಸಾಗುತ್ತದೆ. ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬಹುದಿತ್ತು.