ಪಟ್ಟಾಭಿಯ ಪಥ್ಯ

ನಮ್ಮ ಮನೆಯಲ್ಲಿ ಪಥ್ಯದವರು ನಾಲ್ವರು. ಅತ್ತೆಗೆ ಸಕ್ಕರೆ, ಯಜಮಾನರಿಗೆ ಬಿಪಿ, ನನಗೆ ಥೈರಾಯ್ಡು. ನಾಲ್ಕನೆಯವನು ಪಟ್ಟಾಭಿ. ಅವನಿಗೆ ಸಕ್ಕರೆಯೂ ಉಂಟು, ಥೈರಾಯ್ಡೂ ಉಂಟು, ಸಾಲದ್ದಕ್ಕೆ ಕಿಡ್ನಿ. ವಯಸ್ಸು 14, ಜಾತಿಯಲ್ಲಿ ಬೆಕ್ಕು. ಮೈಮೇಲೆ ಪಟ್ಟೆ ಇದ್ದದ್ದಕ್ಕೆ ಪಟ್ಟಾಭಿ ಆದನೇ ಹೊರತು ಯಾವ ಪಟ್ಟಾಭಿಷೇಕವೂ ಆಗಿಲ್ಲ. ಆದರೆ ಅವನು ನಡೆದುಕೊಳ್ಳುವ ರೀತಿ ನೋಡಿದರೆ, ಆಗಿದ್ದೂ ನಮಗೆ ಆಹ್ವಾನ ಪತ್ರಿಕೆ ತಲುಪಿಲ್ಲ ಅನ್ನಿಸುತ್ತದೆ.

ಒಂದೇ ಕಾಯಿಲೆಯಾದರೆ ಡಾಕ್ಟರು ಒಂದು ಚೀಟಿ ಬರೆದುಕೊಡುತ್ತಾರೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ಮುಗಿಯಿತು. ಮೂರಾದಾಗ ಚೀಟಿಚೀಟಿಗಳೇ ಜಗಳಕ್ಕೆ ನಿಲ್ಲುತ್ತವೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಪ್ರೋಟೀನು ಧಾರಾಳವಾಗಿರಬೇಕು, ಪಿಷ್ಟ ಕೈಬಿಡಬೇಕು. ಕಿಡ್ನಿ ಸೋತ ಬೆಕ್ಕಿಗೆ ಪ್ರೋಟೀನು ಹಿಡಿತದಲ್ಲಿರಬೇಕು, ರಂಜಕವನ್ನಂತೂ ಆದಷ್ಟೂ ತಗ್ಗಿಸಬೇಕು. ಆ ರಂಜಕ ಇರುವುದೇ ಮಾಂಸದಲ್ಲಿ, ಮೀನಿನಲ್ಲಿ, ಮೂಳೆಯಲ್ಲಿ, ಅಂದರೆ ಬೆಕ್ಕು ಊಟ ಅಂತ ಒಪ್ಪುವ ಎಲ್ಲದರಲ್ಲೂ. ಹಾಗೆ ತಗ್ಗಿಸಿ ಖಾಲಿಯಾದ ಜಾಗವನ್ನು ಕಿಡ್ನಿ ಆಹಾರ ಮಾಡುವ ಕಂಪನಿಯವರು ಕೊಬ್ಬಿನಿಂದಲೂ ಪಿಷ್ಟದಿಂದಲೂ ತುಂಬುತ್ತಾರೆ. ಅಲ್ಲಿಗೆ ಸಕ್ಕರೆ ಮೇಲೇರುತ್ತದೆ. ಥೈರಾಯ್ಡು ಒಂದೇ ಪುಣ್ಯಾತ್ಮ. ಅದರ ಬೇಡಿಕೆ ಒಂದೇ, ‘ಏನಾದರೂ ಹಾಕಿ, ಬೇಗ ಹಾಕಿ.’

ಎಲ್ಲ ಶುರುವಾದದ್ದೂ ಅದರಿಂದಲೇ. ಹನ್ನೆರಡು ದಾಟಿದ ಮೇಲೆ ಪಟ್ಟಾಭಿಗೆ ಇದ್ದಕ್ಕಿದ್ದಂತೆ ಹಸಿವು ಕೆರಳಿತು. ಕೊಟ್ಟದ್ದನ್ನು ತಿಂದ, ಕೊಡದ್ದನ್ನೂ ತಿಂದ. ಹೋಳಿಗೆ ಮಾಡಿದ ದಿನ ತಟ್ಟೆಯಲ್ಲಿದ್ದ ತುಪ್ಪವನ್ನು ಮಾತ್ರ ನೆಕ್ಕಿ ಹೂರಣ ಮುಟ್ಟದೆ ಹೋದ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದೇ ಇಲ್ಲ, ಆ ರುಚಿಯ ಜೀನು ಅದರಲ್ಲಿ ಕೆಟ್ಟು ಕೂತಿದೆ ಅಂತ 2005ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಸಿಹಿಯೇ ಗೊತ್ತಿಲ್ಲದವನಿಗೆ ಸಕ್ಕರೆ ಕಾಯಿಲೆ ಬರುವುದು ಎಂಥ ಅನ್ಯಾಯ ಅಂತ ಅತ್ತೆಗೆ ಇವತ್ತಿಗೂ ಬೇಜಾರು. ಅವರು ಪ್ರತಿ ಹೋಳಿಗೆಯ ಸಿಹಿಯನ್ನೂ ಬಲ್ಲವರು.

ಅಷ್ಟು ತಿಂದರೂ ಪಟ್ಟಾಭಿ ಇಳಿಯುತ್ತಾ ಹೋದ. ಬೆನ್ನು ಸವರಿದರೆ ಮೂಳೆ ಎಣಿಸಬಹುದಿತ್ತು. ಅತ್ತೆ ದೃಷ್ಟಿ ತೆಗೆದರು, ಡಾಕ್ಟರಮ್ಮ ರಕ್ತ ತೆಗೆದರು. ಮುದಿ ಬೆಕ್ಕುಗಳಲ್ಲಿ ಥೈರಾಯ್ಡು ಗ್ರಂಥಿ ಮಿತಿಮೀರಿ ದುಡಿಯುವುದು ಮಾಮೂಲಂತೆ. ನನ್ನದು ದುಡಿಯದ ಥೈರಾಯ್ಡು, ಅವನದು ಓವರ್‌ಟೈಮ್ ಮಾಡುವ ಥೈರಾಯ್ಡು. ಇಬ್ಬರದನ್ನೂ ಕಲಸಿ ಪಾಲು ಮಾಡುವ ಹಾಗಿದ್ದರೆ ಇಬ್ಬರೂ ಮಾತ್ರೆ ಬಿಡಬಹುದಿತ್ತು. ಹಾಗಾಗದ ಕಾರಣ ಅವನಿಗೆ ಕಾರ್ಬಿಮಜೋಲ್ ಶುರುವಾಯಿತು.

ಥೈರಾಯ್ಡು ತಣ್ಣಗಾಯಿತು, ರಕ್ತದಲ್ಲಿ ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ ಮೇಲೆದ್ದಿತು. ಔಷಧಿಯೇ ಕಿಡ್ನಿ ಕೆಡಿಸಿತೇ ಅಂತ ನಾನು ಗಾಬರಿಯಾದೆ. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಥೈರಾಯ್ಡು ಜಾಸ್ತಿ ಇದ್ದಾಗ ಹೃದಯ ಜೋರಾಗಿ ಬಡಿದು ಕಿಡ್ನಿಗೆ ಹೆಚ್ಚು ರಕ್ತ ನುಗ್ಗಿಸುತ್ತದೆ, ಸೋತ ಕಿಡ್ನಿಯೂ ಆ ಭರಾಟೆಯಲ್ಲಿ ಪಾಸಾಗಿಬಿಡುತ್ತದೆ. ಭರಾಟೆ ಇಳಿದ ಮೇಲೆ ನಿಜವಾದ ಮಾರ್ಕ್ಸ್ ಕಾರ್ಡು ಬರುತ್ತದೆ. ಸಕ್ಕರೆ ಆಮೇಲೆ ಬಂದದ್ದು. ಅದರ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ, ಮನೆಯಲ್ಲಿ ಮೊದಲೇ ಇತ್ತು, ಅವನಿಗೂ ಬಂತು.

ಈಗ ಹಸಿವಿನ ಕಥೆ ತಲೆಕೆಳಗಾಯಿತು. ಕಿಡ್ನಿ ಸೋತಾಗ ಹೊಟ್ಟೆ ತೊಳೆಸುತ್ತದೆ, ಅನ್ನ ಕಂಡರಾಗುವುದಿಲ್ಲ. ಪಟ್ಟಾಭಿ ತಟ್ಟೆಯ ಹತ್ತಿರ ಬರುತ್ತಾನೆ, ಮೂಸುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ, ಆಮೇಲೆ ಮುಂಗಾಲಿನಿಂದ ನೆಲ ಕೆರೆದು ಇಲ್ಲದ ಮಣ್ಣನ್ನು ಊಟದ ಮೇಲೆ ಮುಚ್ಚುತ್ತಾನೆ. ಟ್ರೇಯಲ್ಲಿ ಅವನು ಮಾಡುವ ಕೆಲಸವೇ ಅದು. ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಕಿಡ್ನಿ ಆಹಾರದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ವಿಮರ್ಶೆ ನಾನು ಓದಿಲ್ಲ.

ಬಲವಂತ ಮಾಡುವಂತಿಲ್ಲ. ಹೊಟ್ಟೆ ತೊಳೆಸುವಾಗ ಹೊಸ ಆಹಾರ ಮುಂದಿಟ್ಟರೆ ಆ ವಾಸನೆಗೂ ಸಂಕಟಕ್ಕೂ ಗಂಟು ಬಿದ್ದು, ವಾಸಿಯಾದ ಮೇಲೂ ಮುಟ್ಟುವುದಿಲ್ಲವಂತೆ. ಹಾಗಂತ ಉಪವಾಸ ಬಿಡುವಂತೆಯೂ ಇಲ್ಲ. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪಗಿರುವುದಾದರೆ, ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಅದನ್ನೇ ಕೆಡಿಸುತ್ತದೆ. ನಮ್ಮಲ್ಲಿ ಏಕಾದಶಿ ಮಾಡುವವರು ಮಾಡುತ್ತಾರೆ, ಬೆಕ್ಕಿಗೆ ಶಾಸ್ತ್ರದಲ್ಲಿ ವಿನಾಯಿತಿ. ಡಾಕ್ಟರಮ್ಮ ಕೊನೆಗೆ ಮೂರು ಚೀಟಿಯ ಮೇಲೂ ಒಂದು ಮಾತು ಬರೆದರು: ‘ಸರಿಯಾದದ್ದು ತಿಂದರೆ ಸಂತೋಷ. ತಿನ್ನದಿದ್ದರೆ, ತಿನ್ನುವುದೇ ಸರಿಯಾದದ್ದು.’

ಅವನು ತಿನ್ನುವುದು ಕೋಳಿ. ನಮ್ಮದು ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬಾರದ ಮನೆ. ಹಿಂದೆಲ್ಲ ಅವನ ಊಟ ಡಬ್ಬಿಯಲ್ಲಿ ಬರುತ್ತಿತ್ತು. ಒಳಗೇನಿದೆ ಅಂತ ಯಾರೂ ಕೇಳುತ್ತಿರಲಿಲ್ಲ, ಡಬ್ಬಿಯೂ ಹೇಳುತ್ತಿರಲಿಲ್ಲ. ಈಗ ಬೇಯಿಸಬೇಕು. ಅತ್ತೆಯ ಎದುರು ಹೇಗೆ ಬಾಯಿ ಬಿಡುವುದು ಅಂತ ಒದ್ದಾಡಿ, ಡಾಕ್ಟರಮ್ಮ ಹೇಳಿದ್ದನ್ನೇ ಒಪ್ಪಿಸಿದೆ. “ಅತ್ತೆ, ಕೋಳಿ ಬೇಯಿಸಬೇಕಂತೆ. ಆದ್ರೆ ಉಪ್ಪು ಖಾರ ಹಾಕಬಾರದಂತೆ. ಈರುಳ್ಳಿ ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷವಂತೆ, ರಕ್ತದ ಕಣಾನೇ ಒಡೆದುಹಾಕತ್ತಂತೆ.”

ಅತ್ತೆಯ ಮುಖ ಅರಳಿತು. “ನೋಡಿದ್ಯೇನಮ್ಮಾ! ನಾನು ಮದುವೆಯಾಗಿ ಬಂದಾಗಿಂದ ಹೇಳ್ತಾನೇ ಇದೀನಿ, ಈರುಳ್ಳಿ ತಾಮಸ ಅಂತ. ಈ ಮನೇಲಿ ಅರ್ಥ ಆಗಿದ್ದು ಇವನೊಬ್ಬನಿಗೆ.” ಹಿತ್ತಲ ಷೆಡ್ಡಿನಲ್ಲಿ ಬೇರೆ ಒಲೆ, ಬೇರೆ ಕುಕ್ಕರು ಮಂಜೂರಾಯಿತು. ಮೈಸೂರಿನ ನಮ್ಮ ಬೀದಿಯಲ್ಲಿ ಸಾತ್ವಿಕ ಕೋಳಿ ಬೇಯುವ ಮನೆ ಇದೊಂದೇ ಇರಬೇಕು.

ಬಂಧುಗಳ ಸಲಹೆಗೇನೂ ಕೊರತೆಯಿಲ್ಲ. ಚಿಕ್ಕಪ್ಪ ಒಬ್ಬರು ಕಿಡ್ನಿಗೆ ಬಾಳೆದಿಂಡಿನ ರಸ, ಸಕ್ಕರೆಗೆ ಹಾಗಲಕಾಯಿ ರಸ ಹೇಳಿ, ಎರಡನ್ನೂ ಕುಡಿಸುವ ಕೆಲಸ ನನಗೆ ಬಿಟ್ಟರು. “ನಮ್ಮ ಅಜ್ಜಿ ಮನೆ ಬೆಕ್ಕು ಬರೀ ಮೊಸರನ್ನ ತಿಂದು ಇಪ್ಪತ್ತು ವರ್ಷ ಬದುಕಿತ್ತು” ಅನ್ನುವವರು ಪ್ರತಿ ಸಮಾರಂಭದಲ್ಲೂ ಒಬ್ಬರು ಸಿಗುತ್ತಾರೆ. ಆ ಬೆಕ್ಕಿಗೆ ಮೊಸರನ್ನ ತಟ್ಟೆಯಲ್ಲಿತ್ತು, ನಂಜಿಕೊಳ್ಳುವುದು ಅಟ್ಟದ ಮೇಲೆ ಓಡಾಡುತ್ತಿತ್ತು. ಟಾರಿನ್ ಅನ್ನುವ ಅಂಶ ಮಾಂಸದಲ್ಲೇ ಸಿಗಬೇಕು, ಅದಿಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಜೋಲುತ್ತದೆ. ಹೃದಯದ ವಿಷಯ ಪಶುವೈದ್ಯರಿಗೇ ಖಾತ್ರಿಯಾದದ್ದು 1987ರಲ್ಲಿ. ಇದನ್ನೆಲ್ಲ ಮದುವೆ ಮನೆಯ ಪಂಕ್ತಿಯಲ್ಲಿ ವಿವರಿಸಿದರೆ ಪಕ್ಕದವರು ಎಲೆ ಸರಿಸಿಕೊಳ್ಳುತ್ತಾರೆ.

ನೀರಿನದು ಬೇರೆಯೇ ರಗಳೆ. ಕಿಡ್ನಿಗೆ ನೀರು ಬೇಕು. ಪಿಂಗಾಣಿ ಬಟ್ಟಲು, ಸ್ಟೀಲು ಬಟ್ಟಲು, ಚಿಮ್ಮುವ ಕಾರಂಜಿ, ಯಾವುದೂ ಆಗಲಿಲ್ಲ. ಅವನು ಕುಡಿಯುವುದು ಯಜಮಾನರ ಪಂಚಪಾತ್ರೆಯಿಂದ. ಕರ್ಪೂರ ಬೆಕ್ಕಿಗಾಗದು ಅಂತ ತೀರ್ಥಕ್ಕೆ ಪಚ್ಚಕರ್ಪೂರ ಹಾಕುವುದು ನಿಂತಿತು. ದೇವರು ಇದುವರೆಗೆ ಏನೂ ಅಂದಿಲ್ಲ. ಅಷ್ಟಾದರೂ ಸಾಲದ ದಿನ ಚರ್ಮದ ಕೆಳಗೆ ರಿಂಗರ್ ಲ್ಯಾಕ್ಟೇಟ್ ಹಾಕಬೇಕು. ಬಾಟಲಿ ನೇತಾಡುವುದು ಉಯ್ಯಾಲೆಯ ಸರಪಳಿಗೆ. ನೂರು ಎಂಎಲ್ ಒಳಗೆ ಹೋಗುವ ಹೊತ್ತಿಗೆ ಹೆಗಲ ಮೇಲೆ ಒಂದು ದಿಣ್ಣೆ ಏಳುತ್ತದೆ. ಕೊರಿಯರ್ ಹುಡುಗ ಸಹಿ ಹಾಕಿಸಿಕೊಳ್ಳುತ್ತಾ “ಇದು ಯಾವ ಬ್ರೀಡು ಮೇಡಂ?” ಅಂತ ಕೇಳಿದ್ದ.

ಹಸಿವು ಹೆಚ್ಚಲು ಡಾಕ್ಟರಮ್ಮ ಮಿರ್ಟಜಪಿನ್ ಬರೆದರು. ಮನುಷ್ಯರಿಗೆ ಅದು ಖಿನ್ನತೆಯ ಮಾತ್ರೆ, ಬೆಕ್ಕಿಗೆ ಚೂರೇ ಚೂರು ಕೊಟ್ಟರೆ ಹಸಿವಿನ ಮಾತ್ರೆ. ಮೆಡಿಕಲ್ ಸ್ಟೋರಿನ ಅಣ್ಣ ಚೀಟಿಯ ಮೇಲ್ಸಾಲು ಮಾತ್ರ ಓದಿದರು. ಪಟ್ಟಾಭಿ, 14, ಗಂಡು. ಮಾತ್ರೆ ಕೈಗಿಡುವಾಗ ದನಿ ತಗ್ಗಿಸಿ, “ಇಷ್ಟು ಚಿಕ್ಕ ವಯಸ್ಸಿಗೇನಾ ಮೇಡಂ? ಟ್ಯೂಷನ್ ಬಿಡಿಸಿಬಿಡಿ, ಓದು ಓದು ಅಂತ ಹಿಂದೆ ಬೀಳಬೇಡಿ” ಅಂದರು. ಹಿಂದೆ ಕ್ಯೂನಲ್ಲಿದ್ದ ಇಬ್ಬರು ತಾಯಂದಿರು ನನ್ನನ್ನು ನೋಡಿದ ನೋಟ ಇಟ್ಟುಕೊಂಡು ಬೆಕ್ಕು ಅಂತ ಹೇಳುವ ಧೈರ್ಯ ಬರಲಿಲ್ಲ. ಈಗ ಆ ಅಣ್ಣ ಪ್ರತಿ ಸಲವೂ “ಮಗ ಹೇಗಿದಾನೆ?” ಅಂತ ವಿಚಾರಿಸುತ್ತಾರೆ. ಊಟ ಮಾಡ್ತಿದಾನೆ ಅನ್ನುತ್ತೇನೆ. ಸುಳ್ಳಲ್ಲ.

ಆ ಮಾತ್ರೆ ಬಿದ್ದ ರಾತ್ರಿ ಪಟ್ಟಾಭಿ ಹಾಡುತ್ತಾನೆ. ಅದೂ ಆ ಮಾತ್ರೆಯ ಗುಣವೇ ಅಂತೆ. ಒಂದು ಗಂಟೆಗೆ ನಡುಮನೆಯಲ್ಲಿ ಆಲಾಪನೆ ಶುರುವಾಗಿ, ಮೂರಕ್ಕೆ ತನಿಗೆ ಬರುತ್ತದೆ. ತನಿ ಅಂದರೆ ಮುಚ್ಚಿಟ್ಟ ಪಾತ್ರೆಗಳ ಮೇಲೆ.

ದಿನದ ಅಸಲಿ ಪರೀಕ್ಷೆ ಬೆಳಗ್ಗೆ ಏಳು ಮತ್ತು ಸಂಜೆ ಏಳಕ್ಕೆ, ಇನ್ಸುಲಿನ್ ಹೊತ್ತಿಗೆ. ಫ್ರಿಜ್ಜಿನ ಬಾಗಿಲಲ್ಲಿ ಎರಡು ಡಬ್ಬಿ, ಒಂದರ ಮೇಲೆ ‘ಅಮ್ಮ 20’, ಇನ್ನೊಂದರ ಮೇಲೆ ‘ಪಟ್ಟಾಭಿ 1’ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಮೀಟರು ಒಂದೇ. ಅತ್ತೆಯದು ಬೆರಳ ತುದಿ, ಅವನದು ಕಿವಿಯ ಅಂಚು. ಕಿವಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಅಂಚಿನ ಸಣ್ಣ ನರದ ಪಕ್ಕ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಅವನು ತಲೆ ಒದರುವ ಮೊದಲು ಪಟ್ಟಿ ತಾಗಿಸಬೇಕು. ತಪ್ಪಿದರೆ ಗೋಡೆಯ ಸಕ್ಕರೆ ಪ್ರಮಾಣ ತಿಳಿಯುತ್ತದೆ. ಅತ್ತೆ ಸೋಫಾದಿಂದಲೇ ಕೇಳುತ್ತಾರೆ, “ಎಷ್ಟು ಬಂತು? ನಂಗಿಂತ ಜಾಸ್ತಿನಾ?” ಜಾಸ್ತಿ ಬಂದ ದಿನ ಅವರಿಗೊಂದು ನೆಮ್ಮದಿ, ಒಂದು ಹೋಳು ಮಾವಿನಹಣ್ಣು.

ತಿಂದ ಮೇಲೆ ಸೂಜಿ. ತಿನ್ನದೆ ಸೂಜಿ ಬಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಹಾಗಾಗಿ ಅವನು ತಿನ್ನುವವರೆಗೆ ಮನೆಯಲ್ಲಿ ಯಾರೂ ಏಳುವಂತಿಲ್ಲ. ಕೋಳಿಯನ್ನು ಆಗತಾನೆ ಹಿಡಿದ ಇಲಿಯ ಮೈಬಿಸಿಗೆ ತಂದು, ಅದರ ಮೇಲೆ ಕಿಡ್ನಿ ಆಹಾರವನ್ನು ಪುಡಿ ಮಾಡಿ ಉದುರಿಸಿ, ಯಜಮಾನರು ನೆಲಕ್ಕೆ ಕೂತು ಅವನ ಬೆನ್ನು ತಟ್ಟಬೇಕು. ತಟ್ಟುವ ಕೈ ನಿಂತರೆ ಬಾಯಿಯೂ ನಿಲ್ಲುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ನನಗೊಂದು ಲೋಟ ನೀರು ತಂದುಕೊಡಲು ಮಂಡಿನೋವು ಅಂದವರು ಇವರೇ.

ಇಂಥ ಮನೆಯಲ್ಲಿ ಮಾವನವರ ತಿಥಿ ಬಂತು.

ತಿಥಿಯ ದಿನ ಬೆಕ್ಕನ್ನು ಬುಟ್ಟಿ ಕೆಳಗೆ ಮುಚ್ಚಿಡುವ ಕಥೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಬುಟ್ಟಿಯ ಬದಲು ಹಿಂದಿನ ಕೋಣೆ. ಕೋಳಿ ಹಿಂದಿನ ದಿನವೇ ಎದುರುಮನೆಯ ಮಂಗಳೂರು ಆಂಟಿಯ ಫ್ರಿಜ್ಜಿಗೆ ವಲಸೆ ಹೋಗಿತ್ತು. ಹಸಿವು ಕೈಕೊಡದಿರಲಿ ಅಂತ ರಾತ್ರಿ ಮಿರ್ಟಜಪಿನ್ ಚೂರೂ ಹಾಕಿದ್ದಾಯಿತು. ಬೆಳಗ್ಗೆ ಏಳಕ್ಕೆ ಆಂಟಿ ಬಿಸಿ ಮಾಡಿ ಗೇಟಿನಲ್ಲಿ ಕೊಟ್ಟರು. ಹಿಂದಿನ ಕೋಣೆಗೆ ಕದ್ದು ಒಯ್ದೆ. ಪಟ್ಟಾಭಿ ಮೂಸಿದ, ನೆಲ ಕೆರೆದ, ಮುಚ್ಚಿದ. ಯಜಮಾನರು ಮಡಿಯಲ್ಲಿದ್ದರು, ಬೆನ್ನು ತಟ್ಟುವವರಿಲ್ಲ. ತಿನ್ನದಿದ್ದರೆ ಸೂಜಿ ಬೇಡ, ಫೋನ್ ಮಾಡಿ ಅಂತ ಡಾಕ್ಟರಮ್ಮನ ಅಪ್ಪಣೆ ಮೊದಲಿಂದಲೂ ಇದೆ. ಮಾಡಿದೆ. ಕಾದು ನೋಡಿ ಅಂದರು.

ಮಧ್ಯಾಹ್ನ ಎಲ್ಲ ಮುಗಿಯುತ್ತಾ ಬಂದು, ಕಾಂಪೌಂಡಿನ ಗೋಡೆಯ ಮೇಲೆ ಪಿಂಡವಿಟ್ಟು ನಾವೆಲ್ಲ ಕಾಗೆಗಾಗಿ ಆಕಾಶ ನೋಡುತ್ತಾ ನಿಂತೆವು. ಬೇಡದ ದಿನ ಹಪ್ಪಳ ಕಚ್ಚಿಕೊಂಡು ಹೋಗುವ ಕಾಗೆಗಳು ಅವತ್ತು ಒಂದೂ ಇಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡರು, ಅವರಿಗೆ ಇನ್ನೊಂದು ಮನೆಯಿತ್ತು. ಅವರ ಜೊತೆ ಬಂದಿದ್ದ ಹುಡುಗ ಮೊಬೈಲ್ ಚಾರ್ಜಿಗೆ ಹಾಕಲು ಪ್ಲಗ್ ಹುಡುಕುತ್ತಾ ಹಿಂದಿನ ಕೋಣೆಯ ಬಾಗಿಲು ತೆಗೆದದ್ದು ಆಮೇಲೆ ತಿಳಿಯಿತು. ಒಗೆಯುವ ಕಲ್ಲು ಹತ್ತಿ, ಅಲ್ಲಿಂದ ಗೋಡೆ ಹತ್ತಿ, ಕೋಳಿ ಬೇಡವೆಂದ ಮಹಾರಾಯ ತುಪ್ಪ ಹಾಕಿದ ಅನ್ನದ ಪಿಂಡಕ್ಕೆ ಬಾಯಿ ಹಾಕಿದ. ತಿಂಗಳುಗಟ್ಟಲೆ ಬೆನ್ನು ತಟ್ಟಿದರೂ ಕಾಣದ ಚುರುಕಿನಲ್ಲಿ, ತಲೆಯೆತ್ತದೆ, ಗೊರಗೊರ ಸದ್ದು ಮಾಡುತ್ತಾ ತಿಂದ.

ಯಾರೂ ಮಾತಾಡಲಿಲ್ಲ. ಪುರೋಹಿತರು ಒಂದು ಕ್ಷಣ ಯೋಚಿಸಿ, “ತೃಪ್ತಿಯಾಯ್ತು ಅಂತ್ಲೇ ಇಟ್ಕೊಳ್ಳಿ. ಕೈಕಾಲು ತೊಳ್ಕೊಳ್ಳಿ, ಎಲೆ ಹಾಕೋಣ” ಅಂದರು. ನಾನು ಫೋನ್ ಹಿಡಿದು ಒಳಗೋಡಿದೆ.

“ಏನು ತಿಂದ ಮೇಡಂ?”

“ಪಿಂಡ.”

“ಎಷ್ಟು?”

“ಒಂದು ಪೂರ್ತಿ. ಎಳ್ಳು ಸಮೇತ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅನ್ನ, ಅಲ್ವಾ? ಶುಗರ್ ಏರತ್ತೆ. ಸಂಜೆ ಏಳಕ್ಕೆ ನೋಡಿ ನಂಬರ್ ಹೇಳಿ, ಡೋಸ್ ಆಮೇಲೆ. ಹಸಿವಂತೂ ಬಂದಿದೆಯಲ್ಲ!” ಅಂದರು.

ಹೊರಗೆ ಬಂದರೆ ಅತ್ತೆ ಗೋಡೆಯ ಪಕ್ಕದಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಅವ್ರೂ ಹೀಗೇ ಕಣಮ್ಮಾ. ಡಾಕ್ಟ್ರು ಬೇಡ ಅಂದಿದ್ದೇ ಬೇಕು. ತುಪ್ಪ ಅಂದ್ರೆ ಪ್ರಾಣ.” ಪಟ್ಟಾಭಿ ಮೂತಿಗೆ ಅಂಟಿದ್ದ ಎಳ್ಳನ್ನು ನೆಕ್ಕಿಕೊಂಡು ಇನ್ನೇನಾದರೂ ಇದೆಯೇ ಅಂತ ಅವರ ಕೈ ನೋಡಿದ. ಅತ್ತೆ ನನ್ನ ಕಡೆ ತಿರುಗಿದರು.

“ಅವ್ರಿಗೆ ವಡೇನೂ ಇಷ್ಟ ಇತ್ತು. ಒಂದು ತಂದು ಹಾಕ್ಲಾ?”

ನಾನು ಮತ್ತೆ ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ.